ಮಿಷನ್ ಮುಗಿಸಿ ಬಂದವನಿಗೆ ಟೈಗಳ ಕೌದಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಪ್ತ ಸಲಹೆಗಾಗಿ ನಮ್ಮ ಬಳಿ ಬಂದವನು ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ (ಒಂದು ಕ್ರೈಸ್ತ ಪಂಥ) ಕುಟುಂಬದ ಹುಡುಗ, ವಯಸ್ಸು 20. ದಕ್ಷಿಣ ಅಮೆರಿಕದಲ್ಲಿ 24 ತಿಂಗಳ ಮಿಷನ್ ಸೇವೆ, ಅಂದರೆ ಧರ್ಮಪ್ರಚಾರದ ಸೇವೆ, ಮುಗಿಸಿ ಬಂದು ಐದು ವಾರವಾಗಿತ್ತು. ಬಂದ ದಿನ ಸಾಲ್ಟ್ ಲೇಕ್ ಸಿಟಿ ವಿಮಾನ ನಿಲ್ದಾಣದಲ್ಲಿ ಬ್ಯಾನರ್, ಬಲೂನು, ನೆಂಟರಿಷ್ಟರು. ಅದೇ ರಾತ್ರಿ ಸ್ಟೇಕ್ ಪ್ರೆಸಿಡೆಂಟ್ (ಆ ಭಾಗದ ಹಲವು ಸಭೆಗಳ ಮುಖ್ಯಸ್ಥರು) ಅವನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಎದೆಯ ಮೇಲಿದ್ದ ಕಪ್ಪು ಹೆಸರುಪಟ್ಟಿ ಕಳಚಿತು, ಮಿಷನರಿ ಹುಡುಗರನ್ನು ಕರೆಯುವ 'ಎಲ್ಡರ್' ಎಂಬ ಸಂಬೋಧನೆಯೂ ಹೋಯಿತು. ಮರುದಿನ ತಾಯಿ ಉಡುಗೊರೆ ಕೊಟ್ಟರು: ಅವನು ನಡುವೆ ಮನೆಗೆ ಕಳಿಸಿದ್ದ ಟೈಗಳನ್ನೆಲ್ಲ ಕತ್ತರಿಸಿ ಹೊಲಿದ ಕೌದಿ.

ಕೌದಿ ಡಬ್ಬಿಯಿಂದ ಹೊರಬರಲೇ ಇಲ್ಲ. ತಾಯಿ ಕೇಳಿದಾಗಲೆಲ್ಲ "ಚೆನ್ನಾಗಿದೆ" ಅನ್ನುತ್ತಿದ್ದ, ಆಮೇಲೆ ತಮ್ಮನ ಮೇಲೆ ರೇಗುತ್ತಿದ್ದ.

ಅವನು ನಮ್ಮ ಬಳಿ ಮೊದಲು ಹೇಳಿಕೊಂಡಿದ್ದು ಒಂದು ಟೈ ಬಗ್ಗೆ. ಮಿಷನರಿಗಳು ಊರು ಬಿಡುವಾಗ ಟೈ ಬದಲಾಯಿಸಿಕೊಳ್ಳುವುದು ರೂಢಿ. ನೀಲಿ ಪಟ್ಟೆಯ ಆ ಟೈಯನ್ನು ಮಿಷನ್‌ನಲ್ಲಿ ಅವನ ಜೊತೆಗಿದ್ದ ಮೊದಲ ಜೊತೆಗಾರ ಮಿಷನರಿ ಕೊಟ್ಟಿದ್ದ. ಅದನ್ನು ಇಡಿಯಾಗಿ ಇಟ್ಟುಕೊಳ್ಳುವ ಆಸೆಯಿತ್ತು. ಎರಡನೇ ಭೇಟಿಯ ಕೊನೆಗೆ ಇನ್ನೊಂದು ಮಾತು ಹೊರಬಿತ್ತು: ಅಣ್ಣ ಮಿಷನ್ ಮುಗಿಸಿ ಬಂದಾಗ ಅವನಿಗೆ ಸೆಕೆಂಡ್‌ಹ್ಯಾಂಡ್ ಕಾರು ಕೊಟ್ಟಿದ್ದರು.

ಟೈ ಕಳೆದ ದುಃಖ ಆ ಸಮುದಾಯದಲ್ಲಿ ಹೇಳಿಕೊಳ್ಳಬಹುದಾದ ದುಃಖ. ದೇವರ ಸೇವೆ ಮಾಡಿ ಬಂದವನು ಕಾರು ಬಯಸಿದೆ ಎಂದು ಬಾಯಿಬಿಡುವುದು ನಾಚಿಕೆಗೇಡು. ಹಾಗಾಗಿ ಎರಡೂ ಸಿಟ್ಟು ಒಂದೇ ಕೌದಿಯ ಮೇಲೆ ಬಿದ್ದಿತ್ತು. ಎರಡೂ ನಿಜವಾದವೇ. ಬೇಕು ಅನ್ನಿಸಿದ್ದು ಸೇವೆಗೆ ಕಳಂಕವಲ್ಲ ಎಂದು ಅವನಿಗೆ ಮೊದಲು ಸ್ಪಷ್ಟವಾಗಿ ಹೇಳಲಾಯಿತು.

ಕೊಟ್ಟ ಸಲಹೆ: ಎರಡು ವಿಷಯಕ್ಕೆ ಎರಡು ಬೇರೆ ಮಾತುಕತೆ, ನಡುವೆ ಕನಿಷ್ಠ ಒಂದು ವಾರ. ಟೈ ವಿಷಯ ತಾಯಿಯ ಜೊತೆ ಮಾತ್ರ, ಮನೆ ತುಂಬ ಜನರಿರುವ ಭಾನುವಾರ ಬೇಡ, ಹದಿನೈದು ನಿಮಿಷ ಸಾಕು. ಕೌದಿಯನ್ನು ಹೊರತೆಗೆದು ಹಾಸಿ, ಯಾವುದಾದರೂ ಒಂದು ತುಂಡನ್ನು ತೋರಿಸಿ ಅದು ಯಾವ ಊರಿನದೆಂದು ಹೇಳಬೇಕು. ಬರೀ "ಥ್ಯಾಂಕ್ಸ್" ಅಂದರೆ ತಾಯಿಗೆ ಅದು ನಾಟುವುದಿಲ್ಲ. ಆಮೇಲೆ: "ಅಮ್ಮಾ, ಇದಕ್ಕೆ ಎಷ್ಟು ಕಷ್ಟಪಟ್ಟಿದ್ದೀಯ ಅಂತ ಕಾಣ್ಸುತ್ತೆ. ಆ ನೀಲಿ ಟೈ ಒಂದನ್ನ ಹಾಗೇ ಇಟ್ಕೋಬೇಕು ಅಂದ್ಕೊಂಡಿದ್ದೆ, ಕತ್ತರಿಸಿದ್ದು ನೋಡಿ ಬೇಜಾರಾಯ್ತು. ಅದರ ಚೂರೇನಾದ್ರೂ ಉಳಿದಿದ್ಯಾ?"

ಕೊನೆಯ ಪ್ರಶ್ನೆ ಬಹಳ ಮುಖ್ಯ. ಅದಿಲ್ಲದಿದ್ದರೆ ತಾಯಿ ಅಳುತ್ತಾರೆ, ಮಗ ಸಮಾಧಾನ ಮಾಡುತ್ತಾನೆ, ಹೇಳಬೇಕಾದ ಮಾತು ಅಲ್ಲೇ ಮುಳುಗಿಹೋಗುತ್ತದೆ. ಇಂಥ ಕೌದಿಗೆ ಹೆಚ್ಚಾಗಿ ಬಳಕೆಯಾಗುವುದು ಟೈಯ ಅಗಲವಾದ ಭಾಗ. ಕಿರಿದಾದ ತುದಿ ಹೊಲಿಗೆ ಬುಟ್ಟಿಯಲ್ಲಿ ಉಳಿದಿರುವ ಸಾಧ್ಯತೆ ಇದ್ದೇ ಇರುತ್ತದೆ. ಆ ದಿನ ಕಾರಿನ ಮಾತು ಎತ್ತಲೇಬಾರದು. ಎತ್ತಿದರೆ ತಾಯಿಗೆ ಕೇಳಿಸುವುದು ತನ್ನ ಕೈಕೆಲಸಕ್ಕೆ ಬೆಲೆ ಕಟ್ಟಿದ ಹಾಗೆ.

ಎರಡನೆಯ ಮಾತುಕತೆ ತಂದೆ ತಾಯಿ ಇಬ್ಬರ ಜೊತೆ, ಅಣ್ಣ ಇಲ್ಲದಾಗ. ಮೊದಲು ಅಗತ್ಯವನ್ನು ಇಡಬೇಕು: ಕೆಲಸ ಎಷ್ಟು ದೂರ, ವಾರಕ್ಕೆ ಎಷ್ಟು ದಿನ ಗಾಡಿ ಬೇಕು. ನಂತರ ನೇರವಾಗಿ, "ಅಣ್ಣನಿಗೆ ಕಾರು ಕೊಟ್ಟಿದ್ರಿ, ನನಗೂ ಸಿಗಬಹುದು ಅಂದ್ಕೊಂಡಿದ್ದೆ. ಏನು ಬದಲಾಯ್ತು, ಹೇಳ್ತೀರಾ?"

ಬದಲಾಗಿದ್ದು ಲೆಕ್ಕ. ಅಣ್ಣ ಮಿಷನ್‌ಗೆ ಹೋಗಿದ್ದಾಗ ಅಮೆರಿಕದ ಮಿಷನರಿಯ ಮನೆಯವರು ಸೇವೆಯ ಖರ್ಚಿಗೆಂದು ತಿಂಗಳಿಗೆ ಕಟ್ಟುತ್ತಿದ್ದದ್ದು 400 ಡಾಲರ್, 24 ತಿಂಗಳಿಗೆ 9,600. 2020ರ ಜುಲೈಯಿಂದ ಅದು 500 ಆಯಿತು. ಈತನಿಗೆ ಆದದ್ದು 12,000. ಬಟ್ಟೆಬರೆಯ ಖರ್ಚು ಬೇರೆ. ಆ ನಡುವೆ ತಂದೆಯ ಓವರ್‌ಟೈಮ್ ನಿಂತಿತ್ತು. ದೂರದಲ್ಲಿರುವವನಿಗೆ ಚಿಂತೆ ಯಾಕೆಂದು ಯಾರೂ ಹೇಳಿರಲಿಲ್ಲ. 2019ರಿಂದ ಮಿಷನರಿಗಳು ವಾರಕ್ಕೊಮ್ಮೆ ಮನೆಗೆ ವಿಡಿಯೊ ಕರೆ ಮಾಡಬಹುದು. ಮಕ್ಕಳಿಗೆ ಕೊಡುವುದರಲ್ಲಿ ವ್ಯತ್ಯಾಸ ಮಾಡಬೇಕಾಗಿ ಬಂದರೆ ಕೊನೆಯ ತಿಂಗಳುಗಳ ಕರೆಯಲ್ಲೇ ತಿಳಿಸಿಬಿಡಿ ಎಂಬುದು ಹೆತ್ತವರಿಗೆ ನಮ್ಮ ಸಲಹೆ. ಅವನ ಸಾಮಾನಿಗೆ ಕತ್ತರಿ ಹಾಕುವ ಮುಂಚೆಯೂ ಒಂದು ಮಾತು ಕೇಳಬೇಕು.

ಉಡುಗೊರೆಯ ಆಚೆಗೂ ಒಂದು ವಿಷಯವಿದೆ. ಎರಡು ವರ್ಷ ಬೆಳಿಗ್ಗೆ ಆರೂವರೆಯಿಂದ ರಾತ್ರಿ ಹತ್ತೂವರೆವರೆಗೆ ವೇಳಾಪಟ್ಟಿ, ಸದಾ ಪಕ್ಕದಲ್ಲಿ ಒಬ್ಬ ಜೊತೆಗಾರ. ಒಂದೇ ರಾತ್ರಿಯಲ್ಲಿ ಎರಡೂ ಇಲ್ಲ. ಆ ಖಾಲಿತನಕ್ಕೆ ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ, ಕೌದಿ ಸಿಗುತ್ತದೆ. ಏಳುವ ಹೊತ್ತು ಬದಲಿಸಬೇಡ, ಹಳೆಯ ಜೊತೆಗಾರನಿಗೆ ವಾರಕ್ಕೊಮ್ಮೆ ಫೋನ್ ಮಾಡು ಎಂದು ಹೇಳಲಾಯಿತು. ಎರಡು ವಾರ ಬಿಡದೆ ನಿದ್ದೆ ಕೆಟ್ಟರೆ, ಯಾವುದರಲ್ಲೂ ಆಸಕ್ತಿ ಇಲ್ಲದಾದರೆ ವೈದ್ಯರನ್ನು ಕಾಣಬೇಕು. ಬದುಕುವುದೇ ಬೇಡ ಅನ್ನಿಸಿದರೆ ಅಮೆರಿಕದಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ 988 ಸಹಾಯವಾಣಿಗೆ ಕರೆ ಮಾಡಬಹುದು.

ನೀಲಿ ಟೈಯ ತುದಿ ಸಿಕ್ಕಿತು. ಕಾರು ಸಿಗಲಿಲ್ಲ, ಮನೆಯ ಕಾರನ್ನು ವಾರಕ್ಕೆ ಮೂರು ದಿನ ಅವನು ಬಳಸುವುದು, ಪೆಟ್ರೋಲ್ ಮತ್ತು ವಿಮೆಯ ತನ್ನ ಪಾಲು ಕೊಡುವುದು ಎಂದು ಕಾಗದದ ಮೇಲೆ ಬರೆದುಕೊಂಡರು. ಅಣ್ಣನ ವಿಷಯದಲ್ಲಿ ಅವನಿಗೆ ಇನ್ನೂ ಸ್ವಲ್ಪ ಕಹಿ ಉಳಿದಿದೆ. ಆ ಮಾತು ಮುಂದಿನ ಭೇಟಿಗೆ.