ರಜೆ ಮುಗೀತು, ಮನೆಶಾಲೆ ಮಾತ್ರ ಶುರುವಾಗ್ತಿಲ್ಲ: ಓದುಗರ ಪ್ರಶ್ನೆಗೆ ಅಕ್ಕೋರ ಉತ್ತರ

ಪ್ರತಿ ಜನವರಿ ಎರಡನೇ ವಾರ ಬಂತು ಅಂದ್ರೆ ನಂಗೆ ಒಂದೇ ಪ್ರಶ್ನೆ ಬೇರೆಬೇರೆ ಊರಿಂದ ಬರ್ತದೆ: ಶಾಲೆಗೆ ಹಾಕದೆ ಮನೇಲೇ ಓದ್ಸೂ ಮಕ್ಕಳನ್ನ ಕ್ರಿಸ್ಮಸ್ ರಜೆ ಆದ ಮೇಲೆ ಪುನಃ ಪಾಠಕ್ಕೆ ಕೂರ್ಸೂದು ಹ್ಯಾಂಗೆ ಅಂತ. ಕಾರವಾರ, ಅಂಕೋಲೆ, ಹೊನ್ನಾವರ, ಘಟ್ಟದ ಮೇಲೆ ಶಿರಸಿ, ಎಲ್ಲಾ ಕಡೆ ಅದೇ ಗೋಳು. ಹೋದ ವರ್ಷನೂ ಇದೇ ಬರ್ದಿದ್ದೆ, ಯಾರೂ ಓದಿಲ್ಲ ಅಂತ ಕಾಣ್ತದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಸರಿಯಾಗಿ ಉತ್ರ ಕೊಟ್ಟು ಉಳಿದಿದ್ದನ್ನ ಬೇಗ ಮುಗಿಸ್ತೇನೆ. ಹೋಂಸ್ಕೂಲ್ ಅಂದ್ರೆ ಎಂತ, ಯಾವ ಪುಸ್ತಕ ತರ್ಬೇಕು ಅಂತೆಲ್ಲ ಇಲ್ಲಿ ಹೇಳೂದಿಲ್ಲ, ಅಷ್ಟೂ ಗೊತ್ತಿಲ್ದೆ ಮಕ್ಕಳನ್ನ ಮನೇಲಿ ಕೂರಿಸ್ಕೊಂಡಿದ್ರೆ ಅದು ಬೇರೆ ಕತೆ.

ಪ್ರಶ್ನೆ: ಅಕ್ಕೋರೇ, ನಾವು ಕಾರವಾರ ಕೋಡಿಬಾಗದವ್ರು. ಮಗನಿಗೆ 9, ಮಗಳಿಗೆ 6. ಡಿಸೆಂಬರ್ 15ಕ್ಕೆ ಪುಸ್ತಕ ಮುಚ್ಚಿದ್ದು. ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಮಾಡೂದು, ಮುಂಬೈಯಿಂದ ನಾದಿನಿ ಮಕ್ಳು ಬಂದಿದ್ದು, ಕ್ರಿಸ್ಮಸ್, ಹೊಸ ವರ್ಷ, ಆಮೇಲೆ ಮೈದುನನ ರೋಸು (ಮದುವೆ ಮುಂಚಿನ ತೆಂಗಿನಹಾಲಿನ ಶಾಸ್ತ್ರ), ಮದುವೆ, ನಾಕು ವಾರ ಹೋದದ್ದೇ ಗೊತ್ತಾಗಿಲ್ಲ. ಮಕ್ಳು 9 ಗಂಟೆ ಮೊದ್ಲು ಏಳೂದಿಲ್ಲ. ಸೋಮವಾರ 6ಕ್ಕೆ ಎಬ್ಸಿ ಒಂದು ತಾಸು ಬೈಬಲ್, ಆಮೇಲೆ ಐದೂ ಸಬ್ಜೆಕ್ಟ್ ಅಂತ ಟೈಮ್‌ಟೇಬಲ್ ಹಾಕ್ದೆ, 8 ಗಂಟೆಗೆ ಮೂರೂ ಜನ ಅಳ್ತಾ ಕೂತಿದ್ವಿ. ಮಗ ಭಾಗಾಕಾರ ಪೂರ್ತಿ ಮರ್ತಿದ್ದಾನೆ. ಇವ್ರು ಶಾಲೆಗೆ ಹಾಕಿಬಿಡುವಾ ಅಂತಿದ್ದಾರೆ. ಹಾಳಾದ ಒಂದು ತಿಂಗ್ಳನ್ನ ಹ್ಯಾಂಗೆ ತುಂಬ್ಸೂದು?

ಉತ್ತರ: ತಂಗಿ, ತುಂಬ್ಸೂದು ಎಂತಕ್ಕೆ? ಮೊದ್ಲು ಲೆಕ್ಕ ಮಾಡು. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಪ್ರಕಾರ 1ರಿಂದ 5ನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ತಾಸು ಪಾಠ ಆದ್ರೆ ಸಾಕು. ಅಂದ್ರೆ ದಿನಕ್ಕೆ ನಾಕು ತಾಸು, ಅದೂ ಒಬ್ಬ ಟೀಚರಿಗೆ 30 ಮಕ್ಳು ಅಂತ ಇಟ್ಕೊಂಡು. ಉಳಿದ 165 ದಿನ ಶಾಲೆ ಮಕ್ಕಳೂ ಮನೇಲೇ ಇರ್ತಾರೆ ಮಾರಾಯ್ತಿ. ನಿನ್ನೆದುರು ಕೂತವ್ರು ಇಬ್ರು. ಆರು ವರ್ಷದವಳಿಗೆ ದಿನಕ್ಕೆ ಒಂದೂವರೆ ತಾಸು, ಒಂಬತ್ತರವನಿಗೆ ಎರಡೂವರೆ ತಾಸು ಕೂತು ಓದ್ಸಿದ್ರೆ ಧಾರಾಳ ಆಯ್ತು, ಇದು ನನ್ನ ಅನುಭವದ ಮಾತು. ಮಿಷನ್ ಶಾಲೆಗಳೂ ದಸರಾ ರಜೆ ಕಡಿಮೆ ಮಾಡಿ ಕ್ರಿಸ್ಮಸ್ಸಿಗೆ ಕೊಡೂದುಂಟು, ಅವ್ರಿಗೆ ಇಲ್ಲದ ಪಾಪಪ್ರಜ್ಞೆ ನಿಂಗೆ ಎಂತಕ್ಕೆ?

ನೀ ಮಾಡಿದ ತಪ್ಪು ನಾನೂ ಮಾಡಿದ್ದೇನೆ, ಅದ್ಕೇ ಸಿಟ್ಟು ಬರ್ತದೆ. ನನ್ನ ಮಗನಿಗೆ ಎಂಟು ವರ್ಷ ಇರುವಾಗ ಜನವರಿ 2ನೇ ತಾರೀಕೇ ನಾಕು ಬಣ್ಣದ ಸ್ಕೆಚ್‌ಪೆನ್ನಲ್ಲಿ ಟೈಮ್‌ಟೇಬಲ್ ಬರ್ದು ಫ್ರಿಜ್ಜಿಗೆ ಅಂಟ್ಸಿ ಬೆಳಿಗ್ಗೆ ಐದೂವರೆಗೆ ಎಬ್ಸಿದ್ದೆ. ಮೂರನೇ ದಿನ ಲೆಕ್ಕದ ಪುಸ್ತಕ ಮಾಯ. ಮಂಚದ ಕೆಳಗೆ, ಯೇಸು ಹುಟ್ಟಿದ ಕೊಟ್ಟಿಗೆ ಅಂತ ಬೊಂಬೆ ಇಟ್ಟು ಮಾಡಿದ ಗೋದಲಿ ಹಿಂದೆ, ಬಚ್ಚಲುಮನೆ ಸೌದೆ ಹತ್ರ ಎಲ್ಲಾ ಹುಡ್ಕಿ ಆಯ್ತು, ಅವನೂ ನನ್ನ ಜೊತೆ ಭಾರೀ ಸಿನ್ಸಿಯರ್ ಆಗಿ ಹುಡುಕ್ತಿದ್ದ. ವಾರ ಬಿಟ್ಟು ಕುಚಲಕ್ಕಿ ಡ್ರಮ್ಮಿಗೆ ಕೈ ಹಾಕಿದ್ರೆ ತಳದಲ್ಲಿ ಗಟ್ಟಿಯಾಗಿ ಎಂತದೋ ತಾಗ್ತು, ತೆಗ್ದು ನೋಡಿದ್ರೆ ಪುಸ್ತಕ, ಭಾಗಾಕಾರದ ಪುಟದ ಮೇಲೆ ಕುಲ್ಕುಲ್ ಅನ್ನೂ ಕ್ರಿಸ್ಮಸ್ ತಿಂಡಿಯ ಸಕ್ರೆ ಮೆತ್ತಿದ ಹೆಬ್ಬೆಟ್ಟಿನ ಗುರ್ತು. ಟೈಮ್‌ಟೇಬಲ್ ಅವತ್ತೇ ಒಲೆಗೆ ಹಾಕ್ದೆ.

ಈಗ ಮಾಡೂದು ಹೇಳ್ತೇನೆ ಕೇಳು. ಮೊದ್ಲು ನಿದ್ದೆ, ಪುಸ್ತಕ ಆಮೇಲೆ. ನಾಕು ವಾರ 9ಕ್ಕೆ ಎದ್ದ ಮಗುವಿನ ಮೈಯೊಳಗಿನ ಗಡಿಯಾರ 9ಕ್ಕೇ ಕೂತಿರ್ತದೆ, ಅದನ್ನ ಒಂದೇ ರಾತ್ರಿಯಲ್ಲಿ ಮೂರು ತಾಸು ಹಿಂದೆ ಎಳೀಲಿಕ್ಕೆ ಹೋದ್ರೆ ನಿಮ್ಮನೆಲಿ ಆದ ಹಾಗೇ ಆಗ್ತದೆ. ಬೇಗ ಮಲಗ್ಸಿದ್ರೆ ಬೇಗ ಏಳ್ತಾರೆ ಅಂತ ಎಲ್ರೂ ಅಂದ್ಕೊಂಡಿದ್ದಾರೆ. ನಿದ್ದೆ ಬಾರದ ಮಗುವನ್ನ ಕತ್ಲೆಲಿ ಮಲಗ್ಸಿ ಎಂತ ಉಪಯೋಗ, ಅದು ಫ್ಯಾನ್ ನೋಡ್ತಾ ಬಿದ್ಕೊಂಡಿರ್ತದೆ, ಇಲ್ಲಾಂದ್ರೆ ತಂಗಿಗೆ ಚಿವುಟ್ತದೆ. ಏಳೂ ಟೈಮು ಹಿಡ್ಕೋಬೇಕು. ದಿನಕ್ಕೆ ಕಾಲು ತಾಸು ಮುಂಚೆ ಎಬ್ಸು. ಒಂಬತ್ತರಿಂದ ಆರೂವರೆಗೆ ಬರ್ಲಿಕ್ಕೆ ಹತ್ತು ದಿನ ಬೇಕು, ಹತ್ತು ದಿನ ತಗೋ. ಎಬ್ಸಿದ ಕೂಡ್ಲೇ ಜಗಲಿಗೆ ಕರ್ಕೊಂಡು ಬಾ, ಬೆಳಕು ಕಣ್ಣಿಗೆ ಬೀಳ್ಬೇಕು, ಆ ಗಡಿಯಾರಕ್ಕೆ ಕೀ ಕೊಡೂದು ಬೆಳಗಿನ ಬೆಳಕೇ. ಮಧ್ಯಾಹ್ನದ ನಿದ್ದೆ ಬಂದ್. ಶನಿವಾರ ಆದಿತ್ಯವಾರ ಅಂತ ಮತ್ತೆ 9ರ ತನಕ ಬಿಟ್ರೆ ಸೋಮವಾರ ಪುನಃ ಅಲ್ಲಿಂದ್ಲೇ ಶುರು, ಇಗರ್ಜಿಯ ಮೊದಲ್ನೇ ಪೂಜೆಗೆ ಹೋಗೂ ಅಭ್ಯಾಸ ಇದ್ರೆ ಆದಿತ್ಯವಾರದ ಚಿಂತೆ ಇಲ್ಲ.

6ರಿಂದ 12 ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ 9ರಿಂದ 12 ತಾಸು ನಿದ್ದೆ ಬೇಕು. ಆರೂವರೆಗೆ ಏಳ್ಬೇಕಾದ್ರೆ ರಾತ್ರಿ ಒಂಬತ್ತರ ಒಳಗೆ ಮಲಗಿರ್ಬೇಕು ಅಂತಾಯ್ತು. ಇಲ್ಲಿಗೆ ಬಂದಾಗ ಎಲ್ರೂ ನಂಗೆ ಅಜ್ಜಿ ಕತೆ ಹೇಳ್ತಾರೆ, ಅತ್ತೆಯವ್ರು ಸೀರಿಯಲ್ ಮುಗ್ಸಿ ಒಂಬತ್ತೂವರೆಗೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಶುರು ಮಾಡ್ತಾರೆ ಅಕ್ಕೋರೇ ನಾವೆಂತ ಮಾಡೂದು ಅಂತ. ತೇರ್ಸ್ ಏಳೂವರೆಗೆ ಮಾಡಿ, ಸೀರಿಯಲ್ ಆಮೇಲೆ ನೋಡ್ಲಿ. ಇದನ್ನ ಅತ್ತೆ ಹತ್ರ ಹೇಳ್ಬೇಕಾದವ್ರು ನಿನ್ನ ಗಂಡ. ಶಾಲೆಗೆ ಹಾಕುವಾ ಅಂತ ಸಲಹೆ ಕೊಡೂದಕ್ಕಿಂತ ಅದು ಉಪಕಾರದ ಕೆಲ್ಸ.

ಮೊದಲ ವಾರ ಎರಡೇ ಕೆಲ್ಸ, ಪ್ರಾರ್ಥನೆ ಮತ್ತೆ ಲೆಕ್ಕ. ಪ್ರಾರ್ಥನೆ ಅಂದ್ರೆ ಒಂದು ತಾಸು ಅಲ್ಲ! ಆರು ವರ್ಷದ ಹುಡುಗಿಯನ್ನ ಒಂದು ತಾಸು ಬೈಬಲ್ ಎದುರು ಕೂರ್ಸಿದ್ರೆ ದೊಡ್ಡವಳಾದ ಮೇಲೆ ಅವಳು ಬೈಬಲ್ ಕಂಡ್ರೆ ಓಡ್ತಾಳೆ. ಹತ್ತು ನಿಮಿಷ. ಒಂದು ಸಣ್ಣ ಭಾಗ ಓದು, ಪುಸ್ತಕ ಮುಚ್ಚು, ಈಗ ನೀ ಹೇಳು ಅನ್ನು, ಕನ್ನಡದಲ್ಲೋ ಕೊಂಕಣಿಯಲ್ಲೋ ಅವಳ ಮಾತಲ್ಲಿ ಹೇಳ್ಲಿ. ಜನವರಿಯಲ್ಲಿ ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯ ಆಗ್ತದೆ, ಯೇಸುವನ್ನ ನೋಡ್ಲಿಕ್ಕೆ ಜ್ಞಾನಿಗಳು ಬಂದದ್ದು, ಗೋದಲಿ ಇನ್ನೂ ಮೂಲೆಯಲ್ಲಿದ್ರೆ ಬೊಂಬೆ ಹಿಡ್ಕೊಂಡೇ ಹೇಳ್ಲಿ. ಆಮೇಲೆ ಮಗನ ಹತ್ರ ಕೇಳು, ಜ್ಞಾನಿಗಳು ಎಷ್ಟು ಜನ ಅಂತ. ಮೂರು ಅಂತಾನೆ. ಎಲ್ಲಿ ಬರ್ದಿದೆ ತೋರ್ಸು ಅನ್ನು. ಮತ್ತಾಯ ಕಾಣಿಕೆ ಮೂರು ಹೇಳಿದ್ದಾನೆ, ಜನ ಎಷ್ಟು ಅಂತ ಬರ್ದೇ ಇಲ್ಲ. ಆ ಹುಡುಗ ಅರ್ಧ ತಾಸು ತಾನಾಗೇ ಓದ್ತಾನೆ ನೋಡು.

ಇನ್ನೊಂದು, ಇದು ನಿಂಗೆ ಮಾತ್ರ ಅಲ್ಲ ಎಲ್ರಿಗೂ. ಎದ್ದಿಲ್ಲ, ಲೆಕ್ಕ ತಪ್ಪು ಮಾಡ್ದ ಅಂತ ಬೈಬಲ್ಲಿನ ಕೀರ್ತನೆ ನಕಲು ಮಾಡ್ಸೂ ಶಿಕ್ಷೆ ಕೊಡ್ಬೇಡಿ. ಒಬ್ಬ ತಾಯಿ 119ನೇ ಕೀರ್ತನೆ ಬರ್ಸಿದ್ಲು, 176 ವಚನ, ಹತ್ತು ವರ್ಷದ ಕೂಸಿನ ಹತ್ರ! ದೇವರ ವಾಕ್ಯ ಏನು ಕಾಸರಕನ ಬೆತ್ತನಾ? ಬಾಯಿಪಾಠ ಬೇಕಂದ್ರೆ 23ನೇ ಕೀರ್ತನೆ ಇದೆ, ಆರೇ ವಚನ, ದಿನಕ್ಕೊಂದು ಹೇಳ್ಕೊಡಿ.

ಇನ್ನು ಲೆಕ್ಕ. ಮಗ ಭಾಗಾಕಾರ ಮರ್ತಿಲ್ಲ, ಅವನಿಗೆ ತುಕ್ಕು ಹಿಡ್ದಿದೆ ಅಷ್ಟೇ. ಜರ್ಮನಿಯ ಎಬಿಂಗ್‌ಹೌಸ್ ಅಂತ ಒಬ್ರು ಅರ್ಥವಿಲ್ಲದ ಅಕ್ಷರದ ಗುಂಪುಗಳನ್ನ ತಾವೇ ಬಾಯಿಪಾಠ ಮಾಡಿ, ಮರ್ತು, ಪುನಃ ಮಾಡಿ 1885ರಲ್ಲೇ ತೋರ್ಸಿದ್ದಾರೆ, ಕಲ್ತದ್ದು ಮೊದ್ಲು ಗಡಗಡ ಮರ್ತು ಹೋಗ್ತದೆ, ಆದ್ರೆ ಎರಡನೇ ಸಲ ಕಲೀಲಿಕ್ಕೆ ಮೊದಲಿನಷ್ಟು ಹೊತ್ತು ಹಿಡಿಯೂದಿಲ್ಲ. ಅದ್ಕೇ ರಜೆ ಮುಗಿದ ದಿನ ಪರೀಕ್ಷೆ ಇಡ್ಬಾರ್ದು. ನಿಲ್ಸಿದ ಪುಟದಿಂದ ಮುಂದಕ್ಕೂ ಹೋಗ್ಬಾರ್ದು, ಹಿಂದೆ ಹೋಗ್ಬೇಕು, ಅವ್ನು ನವೆಂಬರಲ್ಲಿ ಕಣ್ಣು ಮುಚ್ಚಿ ಮಾಡ್ತಿದ್ದ ಪಾಠಕ್ಕೆ. ಇಪ್ಪತ್ತು ನಿಮಿಷ ಅದನ್ನ ಮಾಡ್ಲಿ, ಎಲ್ಲಾ ಸರಿ ಬರ್ಲಿ, ಮುಖ ಅರಳ್ಲಿ. ಭಾಗಾಕಾರಕ್ಕೆ ಕುಸ್ವಾರ್ ಡಬ್ಬಿ ತೆಗಿ, ಇರುವೆ ಬರೂ ಮೊದ್ಲು. 37 ಕುಲ್ಕುಲ್, ಐದು ಜನಕ್ಕೆ ಹಂಚು. ಏಳೇಳು ಬಂತು, ಎರಡು ಉಳೀತು, ಆ ಶೇಷ ಯಾರ ಬಾಯಿಗೆ ಅಂತ ಇಬ್ರೂ ಜಗಳ ಆಡ್ತಾರೆ, ಆಡ್ಲಿ. ನಾಲ್ಕನೇ ದಿನ ಅದೇ ಲೆಕ್ಕ ನೋಟ್‌ಬುಕ್ಕಿಗೆ ಬರ್ತದೆ. ಎರಡನೇ ವಾರ ಕನ್ನಡ ಇಂಗ್ಲಿಷ್ ಸೇರ್ಸು, ಉಳಿದದ್ದು ಮೂರನೇ ವಾರ.

ಅಮೆರಿಕದ ಪೇಸ್ ಪುಸ್ತಕ (ಮಕ್ಳು ತಾವೇ ಓದಿ ಟೆಸ್ಟ್ ಬರೆಯೂ ಸಣ್ಣ ಪುಸ್ತಕಗಳು) ತರ್ಸಿದವ್ರ ಗೋಳು ಇನ್ನೊಂದು. ಒಂದು ಸಬ್ಜೆಕ್ಟಿಗೆ ವರ್ಷಕ್ಕೆ 12 ಪೇಸ್, ಅಂದ್ರೆ ಒಂದು ತಿಂಗ್ಳು ರಜೆ ಆದ್ರೆ ಹೆಚ್ಚುಕಡಿಮೆ ಒಂದು ಪೇಸ್ ಹಿಂದೆ. ಅದನ್ನ ಫೆಬ್ರವರಿಲಿ ಡಬಲ್ ಮಾಡಿ ಮುಗಿಸ್ತೇನೆ ಅಂತ ಹೊರಡ್ತಾರೆ, ಟೆಸ್ಟಲ್ಲಿ 80 ಪರ್ಸೆಂಟ್ ಬರೂದಿಲ್ಲ, ಪುನಃ ಅದೇ ಪೇಸ್, ಪುನಃ ಅಳು. ಆ ಪುಸ್ತಕ ಮಾಡಿದವ್ರಿಗೆ ನಮ್ಮ ಜುಲೈ ಗೊತ್ತಿಲ್ಲ, ನಿಮಗೆ ಗೊತ್ತಿದೆಯಲ್ಲ! ಮಳೆ ಹೊಡೀತಾ ಇರ್ತದೆ, ಡಿಸಿ ಶಾಲೆಗೆಲ್ಲ ರಜೆ ಕೊಡ್ತಾರೆ, ಮಕ್ಳು ಅಂಗಳಕ್ಕೂ ಇಳಿಯೂ ಹಾಗಿಲ್ಲ. ನಿಮ್ಮ ಅಡುಗೆಮನೆ ಶಾಲೆಗೆ ಅದ್ಕಿಂತ ಒಳ್ಳೆ ಸೀಸನ್ ಉಂಟಾ? ಬಾಕಿ ಉಳಿದ ಪೇಸ್ ಆವಾಗ ಮಾಡಿ. ಜನವರಿಲಿ ಹವೆ ಚೆನ್ನಾಗಿರ್ತದೆ, ಮಧ್ಯಾಹ್ನದ ಮೇಲೆ ಮಕ್ಕಳನ್ನ ಕಡಲ ಬದಿಗೆ ಬಿಡಿ.

ಕಡೇ ಮಾತು ತಂಗಿ, ಬೇಜಾರು ಮಾಡ್ಕೋಬೇಡ. ನೀ ಬರ್ದ ಮೆಸೇಜು ರಾತ್ರಿ 12:40ಕ್ಕೆ ಬಂದದ್ದು. ಮೊದ್ಲು ನೀ ಮಲಗು.

ಪ್ರಶ್ನೆ: ಮಗಳಿಗೆ 14, ಎನ್‌ಐಓಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಹತ್ತನೇ ಕ್ಲಾಸ್ ಏಪ್ರಿಲ್ ಪರೀಕ್ಷೆಗೆ ಕಟ್ಟಿದ್ದೇವೆ. ಅವಳಿಗೂ ನಿಧಾನ ಶುರು ಮಾಡ್ಬಹುದಾ? (ಶಿರಸಿ)

ಉತ್ತರ: ಇಲ್ಲ. ಮನೇಲೇ ಬರ್ದು ಕೊಡೂ ಟಿಎಂಎ ಅಸೈನ್‌ಮೆಂಟಿಗೇ 20 ಪರ್ಸೆಂಟ್ ಉಂಟು, ಅದು ಕೊಟ್ಟಾಗಿದೆಯಾ ಇವತ್ತೇ ನೋಡಿ. ತೀರಾ ಆಗದಿದ್ರೆ ಅಕ್ಟೋಬರ್-ನವೆಂಬರಲ್ಲಿ ಇನ್ನೊಂದು ಪರೀಕ್ಷೆ ಇದೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ ಇದೆ, ಹಾಗಂತ ಅವಳ ಎದುರು ಹೇಳ್ಬೇಡಿ.

ಪ್ರಶ್ನೆ: ಮನೇಲಿ ಓದ್ಸಿದ್ರೆ ಕೇಸ್ ಹಾಕ್ತಾರಾ? ನಮ್ಮ ವಾರ್ಡಿನ ಎಂಟು ಮಕ್ಕಳನ್ನೂ ಸೇರ್ಸಿ ಫೀಸ್ ತಗೊಂಡು ಬೋರ್ಡ್ ಹಾಕುವಾ ಅಂತಿದ್ದೇವೆ.

ಉತ್ತರ: ಮಗುವನ್ನ ಶಾಲೆಗೆ ಸೇರ್ಸೂದು ತಂದೆತಾಯಿಯ ಕರ್ತವ್ಯ ಅಂತ ಆರ್‌ಟಿಇ 10ನೇ ಸೆಕ್ಷನ್ ಹೇಳ್ತದೆ, ಸೇರಿಸದಿದ್ರೆ ಶಿಕ್ಷೆ ಅಂತ ಆ ಕಾಯ್ದೆಯಲ್ಲಿಲ್ಲ. ಬೋರ್ಡ್ ಹಾಕೂದು ಬೇರೆ ವಿಷ್ಯ. ಮಾನ್ಯತೆ ಇಲ್ದೆ ಶಾಲೆ ನಡ್ಸಿದ್ರೆ 18ನೇ ಸೆಕ್ಷನ್ ಪ್ರಕಾರ 1 ಲಕ್ಷದ ತನಕ ದಂಡ, ಆಮೇಲೂ ಮುಂದುವರ್ಸಿದ್ರೆ ದಿನಕ್ಕೆ 10,000. ಬೋರ್ಡ್ ಬರ್ಸಿದ ಪೇಂಟರಿಗೆ ಅಡ್ವಾನ್ಸ್ ಕೊಟ್ಟಿದ್ರೆ ವಾಪಸ್ ಕೇಳಿ.

ಪ್ರಶ್ನೆ: ರಜೆ ನಂತರ ಏಕಾಗ್ರತೆ ಬರ್ಲಿಕ್ಕೆ, ಮಿದುಳು ಚುರುಕು ಮಾಡ್ತೇವೆ ಅನ್ನೂ ಮಿಡ್‌ಬ್ರೈನ್ ಆಕ್ಟಿವೇಶನ್ ಕ್ಲಾಸು ಒಳ್ಳೇದಾ? ಕಣ್ಣಿಗೆ ಬಟ್ಟೆ ಕಟ್ಟಿ ಓದಿ ತೋರಿಸ್ತಾರೆ.

ಉತ್ತರ: ಮೂಗಿನ ಪಕ್ಕದ ಸಂದಿಯಿಂದ ನೋಡ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಈ ಮೋಸವನ್ನ ಎಷ್ಟೋ ಸಲ ಬಯಲಿಗೆಳೆದಿದ್ದಾರೆ, ಆದ್ರೂ ಮತ್ತೆ ಇದನ್ನೇ ಕೇಳ್ತೀರಲ್ಲ.

ಪ್ರಶ್ನೆ: ಏಳು ವರ್ಷದ ಮಗ ರಜೆ ಆದ ಮೇಲೆ ಐದು ನಿಮಿಷನೂ ಕೂರೂದಿಲ್ಲ. ಪ್ರೇಯರ್ ಮೀಟಿಂಗಿಗೆ ಬಂದ ಒಬ್ರು ಇದು ದುರಾತ್ಮ, ಮೂರು ದಿನ ಮಗುವಿಗೆ ಉಪವಾಸ ಮಾಡ್ಸಿ ಕರ್ಕೊಂಡು ಬನ್ನಿ ಅಂದ್ರು. (ಹೊನ್ನಾವರ)

ಉತ್ತರ: ಆ ಮನುಷ್ಯನ್ನ ಮನೆ ಮೆಟ್ಲು ಹತ್ತಿಸ್ಬೇಡಿ. ನಾನೂ ದಿನಾ ಪ್ರಾರ್ಥನೆ ಮಾಡೂವಳೇ, ಆದ್ರೆ ಏಳು ವರ್ಷದ ಮಗುವಿಗೆ ಮೂರು ದಿನ ಉಪವಾಸ ಅಂದವನಿಗೆ ಪೊಲೀಸ್ರನ್ನ ಕರೀಬೇಕು. ರಜೆ ಮುಗಿದ ಎರಡು ವಾರ ಎಲ್ಲಾ ಮಕ್ಕಳೂ ಹಾಗೇ. ಆರು ತಿಂಗ್ಳಿಂದ, ಮನೇಲೂ ಹೊರಗೂ, ಎಲ್ಲಾ ಕಡೆ ಹಾಗೇ ಇದ್ರೆ ಮಕ್ಕಳ ಡಾಕ್ಟ್ರಿಗೆ ತೋರ್ಸಿ. ಅದ್ಕೂ ಮೊದ್ಲು ಕಣ್ಣು, ಕಿವಿ, ರಕ್ತ ಪರೀಕ್ಷೆ ಆಗ್ಲಿ. ಜಂತುಹುಳದ ಮಾತ್ರೆ ಕೊಟ್ಟಿದ್ದೀರಾ? ಫೆಬ್ರವರಿ 10ಕ್ಕೂ ಆಗಸ್ಟ್ 10ಕ್ಕೂ ಸರಕಾರದಿಂದ ಆಲ್ಬೆಂಡಜೋಲ್ ಕೊಡ್ತಾರೆ, ಶಾಲೆಯಲ್ಲಿ ಮತ್ತೆ ಅಂಗನವಾಡಿಯಲ್ಲಿ. ನಮ್ಮ ಮಕ್ಳು ಶಾಲೆಗೆ ಹೋಗೂದಿಲ್ಲವಲ್ಲ, ಆ ಲಿಸ್ಟಲ್ಲಿ ಹೆಸ್ರೇ ಇರೂದಿಲ್ಲ. ಅಂಗನವಾಡಿಗೆ ನೀವೇ ಹೋಗಿ ಕೇಳಿ, ಕೊಡ್ತಾರೆ.

ಪ್ರಶ್ನೆ: ನಕ್ಷತ್ರ, ಗೋದಲಿ ಯಾವಾಗ ತೆಗೀಬೇಕು? ಮಕ್ಳು ಬಿಡ್ತಾ ಇಲ್ಲ.

ಉತ್ತರ: ಯೇಸುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಕ್ರಿಸ್ಮಸ್ ಕಾಲ ಮುಗೀತದೆ, ಕೆಲವ್ರು ಫೆಬ್ರವರಿ 2ರ ತನಕ ಇಡ್ತಾರೆ, ಇಟ್ರೆ ತೊಂದ್ರೆ ಇಲ್ಲ. ತೆಗೆಯೂವಾಗ ಮಕ್ಕಳ ಕೈಯಲ್ಲೇ ತೆಗೆಸಿ, ಬೊಂಬೆಗಳನ್ನ ಎಣಿಸಿ ಪೇಪರಲ್ಲಿ ಸುತ್ತಿ ಡಬ್ಬಿ ಮೇಲೆ ಹೆಸ್ರು ಬರೀಲಿ, ಅವತ್ತಿನ ಕನ್ನಡ ಪಾಠ ಅದೇ. ಹುಲ್ಲು ಪಕ್ಕದ್ಮನೆ ದನಕ್ಕೆ ಹಾಕಿ.