ಕಾರ್ಡ್ ಮಾಡ್ಸಿ ಮೂರು ವರ್ಷ ಆಯ್ತು, ಒಂದು ಫೋನೂ ಬಂದಿಲ್ಲ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲ್ಸ ಹುಡುಕ್ತಾ ಇರೋರದ್ದು, ಅದ್ರಲ್ಲೂ ಸರ್ಕಾರದ ಉದ್ಯೋಗ ಕೇಂದ್ರಕ್ಕೆ ಹೋಗಿ ಬಂದು ಬೇಜಾರಾಗಿರೋರದ್ದು. ನಾನು ಅಂಥದ್ದೇ ಕಚೇರಿಗಳಲ್ಲಿ ಇಪ್ಪತ್ತಾರು ವರ್ಷ ಕೌಂಟರ್ ಒಳಗಡೆ ಕೂತೋಳು, ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವಕ್ಕಷ್ಟೇ ಉತ್ತರ ಬರೀತಿದೀನಿ.

ಪ್ರಶ್ನೆ: ಮೇಡಂ, ನಾನು ಬಿಕಾಂ ಮುಗ್ಸಿ ಮೂರು ವರ್ಷ ಆಯ್ತು. ರಿಸಲ್ಟ್ ಬಂದ ತಿಂಗಳೇ ಶಿವಮೊಗ್ಗದ ಉದ್ಯೋಗ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ ಎಂಪ್ಲಾಯ್‌ಮೆಂಟ್ ಕಾರ್ಡ್ ಮಾಡಿಸ್ದೆ. ಇವತ್ತಿನವರೆಗೆ ಒಂದು ಲೆಟರ್ ಇಲ್ಲ ಒಂದು ಫೋನ್ ಇಲ್ಲ. ನಮ್ಮ ದೊಡ್ಡಪ್ಪನ ಕಾಲದಲ್ಲಿ ಮನೆಗೇ ಇಂಟರ್‌ವ್ಯೂ ಕಾರ್ಡ್ ಬರ್ತಿತ್ತಂತೆ. ಈಗ ಈ ಆಫೀಸು ಇರೋದಾದ್ರೂ ಎಂತಕ್ಕೆ? — ಹೊಸನಗರದಿಂದ ಒಬ್ಬ ಓದುಗ

ಉತ್ತರ: ನಿಮ್ಮ ದೊಡ್ಡಪ್ಪ ಹೇಳಿದ್ದು ಸುಳ್ಳಲ್ಲ ತಮ್ಮಾ. ಆಗ ಸರ್ಕಾರಿ ಇಲಾಖೆಗಳು ಖಾಲಿ ಹುದ್ದೆ ಇದ್ರೆ ನಮ್ಮ ಕಚೇರಿಗೆ ಬರೀತಿದ್ವು, ನಾವು ಸೀನಿಯಾರಿಟಿ, ಅಂದ್ರೆ ಯಾರು ಮೊದಲು ಹೆಸರು ಬರೆಸಿದ್ರು ಅಂತ ನೋಡಿ ಹೆಸರು ಕಳಿಸ್ತಿದ್ವಿ, ಆ ಹೆಸರುಗಳಲ್ಲೇ ಆಯ್ಕೆ ಆಗೋದು. 1996ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಲ್ಲಿ, ಬರೀ ಉದ್ಯೋಗ ವಿನಿಮಯ ಕೇಂದ್ರದ, ಅಂದ್ರೆ ನಮ್ಮ ಕಚೇರಿಯ ಪಟ್ಟಿ ಸಾಕಾಗಲ್ಲ, ಪೇಪರಲ್ಲೂ ಜಾಹೀರಾತು ಕೊಟ್ಟು ಎಲ್ಲರಿಗೂ ಅವಕಾಶ ಕೊಡ್ಬೇಕು ಅಂತ ಹೇಳ್ತು. ನ್ಯಾಯವಾದ ಮಾತೇ ಅದು, ಕಾರ್ಡ್ ಇಲ್ದೇ ಇರೋರು ಏನ್ ಮಾಡ್ಬೇಕಿತ್ತು ಹೇಳಿ. ಆದ್ರೆ ಆಮೇಲೆ ಮನೆಗೆ ಕಾರ್ಡ್ ಬರೋದು ಕಮ್ಮಿ ಆಗ್ತಾ ಬಂತು, ಈಗ ಸರ್ಕಾರಿ ಕೆಲ್ಸ ಅಂದ್ರೆ ಕೆಪಿಎಸ್‌ಸಿ, ಕೆಇಎ ನೋಟಿಫಿಕೇಶನ್ ನೀವೇ ನೋಡ್ಕೊಂಡು ಅರ್ಜಿ ಹಾಕೋದು. ಇದನ್ನ ಕೌಂಟರಲ್ಲಿ ಯಾರಾದ್ರೂ ನಿಮ್ಗೆ ಮೊದಲ ದಿನಾನೇ ಬಿಡಿಸಿ ಹೇಳಿದ್ರೆ ಮೂರು ವರ್ಷ ಪೋಸ್ಟ್‌ಮ್ಯಾನ್ ದಾರಿ ಕಾಯೋದು ತಪ್ತಿತ್ತು, ಹೇಳ್ಲಿಲ್ಲ, ಅದು ನಮ್ಮಂಥೋರ ತಪ್ಪೇ.

ಖಾಸಗಿ ಕಂಪನಿಗಳ ಕಥೆ ಬೇರೆ. 1959ರ ಕಾಯ್ದೆ ಪ್ರಕಾರ 25 ಜನಕ್ಕಿಂತ ಕಮ್ಮಿ ಇಲ್ಲದ ಖಾಸಗಿ ಸಂಸ್ಥೆ ಖಾಲಿ ಹುದ್ದೆ ಇದ್ರೆ ಕೇಂದ್ರಕ್ಕೆ ತಿಳಿಸ್ಬೇಕಿತ್ತು, ಆದ್ರೆ ಆ ಕೇಂದ್ರದಿಂದಲೇ ಆಳು ತಗೋಬೇಕು ಅಂತೇನಿಲ್ಲ. ತಿಳಿಸೋದು ಕಡ್ಡಾಯ, ತಗೊಳ್ಳೋದು ಅವರಿಷ್ಟ. ಈಗ ಅದರ ಬದಲು ಬಂದಿರೋ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ 25 ಅನ್ನೋದು 20 ಆಗಿದೆ, ಕೇಂದ್ರದ ಹೆಸರೂ ಬದಲಾಗಿ ಕೆರಿಯರ್ ಸೆಂಟರ್ ಅಂತ ಆಗಿದೆ.

ಹಂಗಾದ್ರೆ ಕಾರ್ಡ್ ದಂಡಾನಾ? ಅದಕ್ಕೆ ನಾನು ಕಣ್ಣಾರೆ ನೋಡಿದ್ದು ಒಂದು ಹೇಳ್ತೀನಿ. ಒಂದು ಆಗಸ್ಟ್, ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ತೀರ್ಥಹಳ್ಳಿ ಕಡೆಯಿಂದ ಒಬ್ಬ ಹುಡುಗ ಫಸ್ಟ್ ಬಸ್ಸಿಗೆ ಬಂದು ನಮ್ಮ ಬಾಗಿಲು ತೆಗೆಯೋಕೆ ಮುಂಚೆನೇ ಮೆಟ್ಟಿಲ ಮೇಲೆ ನಿಂತಿದ್ದ. ಮೈಯೆಲ್ಲಾ ತೊಪ್ಪೆ ಆಗಿತ್ತು, ಮಾರ್ಕ್ಸ್ ಕಾರ್ಡ್ ಮಾತ್ರ ಗೊಬ್ಬರದ ಚೀಲದ ಒಳಗಡೆ ಬರುತ್ತಲ್ಲ ಬಿಳಿ ಪ್ಲಾಸ್ಟಿಕ್, ಅದ್ರಲ್ಲಿ ಸುತ್ತಿ ಸಣಬಿನ ದಾರ ಕಟ್ಟಿ ಎದೆಗೆ ಒತ್ಕೊಂಡಿದ್ದ, ಒಂದು ಹನಿ ಬಿದ್ದಿರ್ಲಿಲ್ಲ. ಅವನ ಕಾರ್ಡ್ ತೆಗೆದು ನೋಡಿದ್ರೆ ಬರೀ 'ಪದವೀಧರ' ಅಂತ ಇತ್ತು. ಊರಲ್ಲಿ ಎಂತ ಮಾಡ್ತೀಯಪ್ಪಾ ಅಂದೆ. ಏನಿಲ್ಲ ಮೇಡಂ, ಸುಮ್ನೆ ಮನೇಲಿದೀನಿ ಅಂದ. ಸ್ವಲ್ಪ ಕೂರ್ಸಿ ಮಾತಾಡ್ಸಿದ್ರೆ ಎರಡು ಸೀಸನ್ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರ್ದಿದ್ದ, ಟ್ಯಾಲಿ ಬರ್ತಿತ್ತು, ಜಿಎಸ್‌ಟಿ ಬಿಲ್ ಮಾಡೋಕೆ ಬರ್ತಿತ್ತು, ಪಿಕಪ್ ಓಡಿಸೋ ಲೈಸೆನ್ಸೂ ಇತ್ತು! ಅಷ್ಟನ್ನೂ ಸೇರ್ಸಿ ಅವನ ವೃತ್ತಿ ಕೋಡ್ ಬದಲಾಯಿಸ್ದೆ. ಎರಡು ತಿಂಗಳಿಗೆ ಒಂದು ಟ್ರ್ಯಾಕ್ಟರ್ ಶೋರೂಮಿನೋರು ಅಕೌಂಟ್ಸ್ ಗೊತ್ತಿರೋ ಹುಡುಗ ಬೇಕು ಅಂತ ಕೇಳಿದಾಗ ಅವನ ಹೆಸರು ಹೋಯ್ತು, ಸೇರ್ಕೊಂಡ.

ಇದೇ ನಾನು ಹೇಳಬೇಕಾಗಿದ್ದು. ಕೇಂದ್ರದಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಕೋಡ್ ಹಾಕ್ತಾರೆ, ರಾಷ್ಟ್ರೀಯ ವೃತ್ತಿ ವರ್ಗೀಕರಣ ಅಂತ ಇದೆ ಅದರ ನಂಬರ್, ಯಾರಾದ್ರೂ ಆಳು ಕೇಳಿದಾಗ ಹುಡುಕೋದು ಅದರ ಮೇಲೆ. ನಿಮ್ದು ಬರೀ ಬಿಕಾಂ ಅಂತಿದ್ರೆ ನೀವು ಸಾವಿರಾರು ಬಿಕಾಂ ಜೊತೆ ಒಬ್ರು ಅಷ್ಟೇ. ಕಾರ್ಡ್ 3 ವರ್ಷಕ್ಕೊಮ್ಮೆ ರಿನ್ಯೂವಲ್ ಮಾಡಿಸ್ಬೇಕು, ನಿಮ್ದು ಈಗ ಆ ಟೈಮಿಗೇ ಬಂದಿದೆ, ಬಿಟ್ರೆ ಸೀನಿಯಾರಿಟಿ ಹೋಗುತ್ತೆ. ರಿನ್ಯೂವಲ್‌ಗೆ ಹೋದಾಗ ಬರೀ ಸೀಲ್ ಹಾಕಿಸ್ಕೊಂಡು ಬರ್ಬೇಡಿ, ಮೂರು ವರ್ಷದಲ್ಲಿ ಕಲ್ತಿದ್ದು, ಮಾಡಿದ್ದು, ಸಂಬಳ ಇಲ್ದೇ ಮಾಡಿದ್ದೂ ಸೇರಿ, ಒಂದು ಹಾಳೇಲಿ ಬರ್ಕೊಂಡು ಹೋಗಿ ಸೇರಿಸಿ ಅಂತ ಕೇಳಿ. ಹಂಗೇ 2015ರಲ್ಲಿ ಶುರುವಾದ ನ್ಯಾಷನಲ್ ಕೆರಿಯರ್ ಸರ್ವೀಸ್ ಪೋರ್ಟಲಲ್ಲೂ ಹೆಸರು ಹಾಕಿ, ದುಡ್ಡಿಲ್ಲ, ಡೌಟ್ ಇದ್ರೆ 1514ಕ್ಕೆ ಫೋನ್ ಮಾಡ್ಬಹುದು. ನಿಮ್ಮ ಕಡೆ ನೆಟ್‌ವರ್ಕ್ ಅಂದ್ರೆ ಗುಡ್ಡ ಹತ್ಬೇಕು ಅಂತ ನಂಗೊತ್ತು, ಮನೇಲಿ ಒಟಿಪಿಗೆ ಕಾಯ್ತಾ ಕೂರೋ ಬದಲು ಪೇಟೆಗೆ ಬಂದಾಗ ಕೂತು ಮಾಡಿ ಮುಗ್ಸಿ.

ಪ್ರಶ್ನೆ: ಅಕ್ಕಾ, ನಂಗೆ 44. ಒಂದು ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲ್ಸ, ಹದಿನೇಳು ವರ್ಷ ಕಾಂಟ್ರಾಕ್ಟ್ ಮೇಲೆ. ಆರ್ಡರ್ ಇಲ್ಲ ಅಂತ ಹೋದ ವರ್ಷ ನಮ್ಮನ್ನೆಲ್ಲ ಬಿಡಿಸಿದ್ರು. ಒಂದು ಸರ್ಕಾರಿ ಕೇಂದ್ರಕ್ಕೆ ಹೋದೆ, ಅಲ್ಲಿದ್ದ ಹುಡುಗ ತಲೆ ಎತ್ತಿ ನೋಡ್ದೇನೇ ನಿಮ್ ವಯಸ್ಸಿಗೆ ಇಲ್ಲಿ ಏನೂ ಇಲ್ಲ ಹೋಗಿ ಅಂದ. ಹಿಂದೆ ಲೈನಲ್ಲಿ ನಮ್ಮೂರ ಹುಡುಗ್ರೇ ನಿಂತಿದ್ರು. ಮತ್ತೆ ಆ ಕಡೆ ತಲೆ ಹಾಕಿಲ್ಲ. ಮನೇಲಿ ಹೋಗಿದ್ದೇ ಹೇಳಿಲ್ಲ. — ಭದ್ರಾವತಿ

ಉತ್ತರ: ಅಣ್ಣಾ, ನಿಮ್ಮ ಪತ್ರ ಮೂರು ಸಲ ಓದಿದೆ. ಆ ಕುರ್ಚಿಯಲ್ಲಿ ಕೂತಿದ್ದೋಳಾಗಿ ಮೊದಲು ನಿಮ್ಮ ಹತ್ರ ಕ್ಷಮೆ ಕೇಳ್ತೀನಿ. ನಮ್ಮ ದೇಶದಲ್ಲಿ ಈ ಇಲಾಖೆ ಹುಟ್ಟಿದ್ದೇ 1945ರಲ್ಲಿ, ಎರಡನೇ ಮಹಾಯುದ್ಧ ಮುಗ್ಸಿ ಮನೆಗೆ ಬಂದ ಸೈನಿಕರಿಗೆ ಕೆಲ್ಸ ಹುಡುಕಿ ಕೊಡೋಕೆ. ಅಂದ್ರೆ ಕಾಲೇಜ್ ಹುಡುಗ್ರಿಗಲ್ಲ, ಒಂದು ಕೆಲ್ಸ ಮುಗಿದು ಇನ್ನೊಂದಕ್ಕೆ ದಾರಿ ನೋಡ್ತಿರೋ ದುಡಿದ ಕೈಗಳಿಗೆ ಅಂತ. ನಿಮ್ಮಂಥೋರಿಗೆ ಅಲ್ಲಿ ಏನೂ ಇಲ್ಲ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ.

ಆ ಮಾತನ್ನ ಹಂಗೇ ಬಿಡ್ಬೇಡಿ. 1902ಕ್ಕೆ ಫೋನ್ ಮಾಡಿ, ರಾಜ್ಯ ಸರ್ಕಾರದ ದೂರಿನ ನಂಬರ್ ಅದು, ಯಾವ ದಿನ, ಎಷ್ಟು ಹೊತ್ತಿಗೆ, ಏನಂದ್ರು ಅಂತ ಹೇಳಿ ದೂರಿನ ಸಂಖ್ಯೆ ಬರ್ಕೊಳಿ. ಇಲ್ಲಾಂದ್ರೆ ಅದೇ ಕಚೇರಿಗೆ ಹೋಗಿ ಕೌಂಟರ್ ಬಿಟ್ಟು ನೇರ ಅಧಿಕಾರಿ ರೂಮಿಗೆ ಹೋಗಿ, ಹೆದರ್ಬೇಡಿ.

ಇನ್ನು ಕೆಲ್ಸದ ವಿಷಯ. ಕಾಂಟ್ರಾಕ್ಟ್ ಜನಕ್ಕೆ ದೊಡ್ಡ ತೊಂದ್ರೆ ಏನಂದ್ರೆ ಹದಿನೇಳು ವರ್ಷ ದುಡಿದಿದೀನಿ ಅನ್ನೋಕೆ ಒಂದು ಚೀಟಿ ಇರಲ್ಲ. ನಿಮ್ಗೆ ಪಿಎಫ್ ಕಟ್ ಆಗ್ತಿತ್ತಾ ನೋಡಿ, ಆಗಿದ್ರೆ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್, ಸರ್ವೀಸ್ ಹಿಸ್ಟರಿ ಎರಡೂ ಪ್ರಿಂಟ್ ತೆಗೆಸಿ, ಯಾವ ಕಾಂಟ್ರಾಕ್ಟರ್ ಕೆಳಗೆ ಎಷ್ಟು ವರ್ಷ ಅಂತ ಅದ್ರಲ್ಲೇ ಬಂದಿರುತ್ತೆ, ಅದೇ ನಿಮ್ಮ ಎಕ್ಸ್‌ಪೀರಿಯನ್ಸ್ ದಾಖಲೆ. ಇಎಸ್‌ಐ, ಅಂದ್ರೆ ಕಾರ್ಮಿಕರ ವಿಮೆ ಇದ್ದಿದ್ರೆ, ಕೆಲ್ಸ ಹೋದೋರಿಗೆ ದಿನಗೂಲಿಯ ಸರಾಸರಿಯ ಅರ್ಧದಷ್ಟು, ಹೆಚ್ಚಂದ್ರೆ 90 ದಿನಕ್ಕೆ ಕೊಡೋ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ 2018ರಲ್ಲಿ ಬಂದಿದೆ, ನಿಮ್ಗೆ ಅನ್ವಯ ಆಗುತ್ತಾ ಅಂತ ಇಎಸ್‌ಐ ಬ್ರಾಂಚ್ ಆಫೀಸಲ್ಲಿ ಕೇಳ್ಲೇಬೇಕು, ಕೇಳದೆ ಯಾರೂ ಹೇಳಲ್ಲ. ಮತ್ತೆ ಕೈಕೆಲ್ಸ ಗೊತ್ತಿದ್ದು ಸರ್ಟಿಫಿಕೇಟ್ ಇಲ್ದೋರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಇದೆ, ಆರ್‌ಪಿಎಲ್ ಅಂತಾರೆ, ಜಿಲ್ಲಾ ಕೌಶಲ್ಯ ಕಚೇರಿಯಲ್ಲಿ ಫೌಂಡ್ರಿ ಟ್ರೇಡಿಗೆ ಯಾವಾಗ ಇದೆ ಅಂತ ವಿಚಾರ್ಸಿ. ಮಾಚೇನಹಳ್ಳಿ ಕಡೆ ಫೌಂಡ್ರಿಗಳಲ್ಲಿ ಮರಳು ಮುಟ್ಟಿ ಹದ ಹೇಳೋ ಕೈಗೆ ಬೆಲೆ ಇದೆ. ಆ ಹದ ಒಂದು ವಾರದ ಟ್ರೇನಿಂಗಲ್ಲಿ ಬರೋದಲ್ಲ, ಅದು ನಿಮ್ಗೂ ಗೊತ್ತು.

ಇನ್ನೊಂದು ಮಾತು, ಮನೇಲಿ ಹೇಳಿ ಅಣ್ಣಾ. ಅತ್ತಿಗೆಗೆ ಗೊತ್ತಾದ್ರೆ ಮುಂದಿನ ಸಲ ಅವರೇ ನಿಮ್ಮ ಜೊತೆ ಬರ್ತಾರೆ.

ಪ್ರಶ್ನೆ: ನಾನು ಡಿಪ್ಲೊಮಾ ಓದಿದೀನಿ. ಯುವನಿಧಿ ಬರ್ತಿದೆ. ಉದ್ಯೋಗ ಮೇಳಕ್ಕೆ ಎರಡು ಸಲ ಹೋದೆ, ಎರಡೂ ಸಲ ಸೆಲೆಕ್ಟ್ ಆಗಿದೀರಿ ಅಂದ್ರು, ಆಮೇಲೆ ನೋಡಿದ್ರೆ ಬೆಂಗಳೂರಲ್ಲಿ ಟೆಲಿಕಾಲಿಂಗ್. ಅಮ್ಮ ಒಬ್ರೇ ಇರೋದು, ಊರು ಬಿಡೋಕಾಗಲ್ಲ. ಸಣ್ಣ ಕೆಲ್ಸಕ್ಕೆ ಸೇರಿದ್ರೆ ಯುವನಿಧಿ ನಿಲ್ಲುತ್ತಾ? — ಸಾಗರದಿಂದ ಒಬ್ಬ ಓದುಗಿ

ಉತ್ತರ: ನಿಲ್ಲುತ್ತೆ ಪುಟ್ಟಾ, ಅದನ್ನ ಮುಚ್ಚಿಟ್ಟು ತಗೊಳ್ಳೋದು ಬೇಡ, ನಂಗೆ ಕೆಲ್ಸ ಇಲ್ಲ ಅಂತ ನೀನೇ ಸ್ವಯಂ ಘೋಷಣೆ ಕೊಡೋದಲ್ವಾ. ಈ ಯೋಜನೆಗೆ 2024ರ ಜನವರಿ 12ಕ್ಕೆ ನಮ್ಮ ಶಿವಮೊಗ್ಗದಲ್ಲೇ ಚಾಲನೆ ಕೊಟ್ಟಿದ್ದು, ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದೋರಿಗೆ 1500, ಅದೂ ಹೆಚ್ಚಂದ್ರೆ 2 ವರ್ಷ. 1500ಕ್ಕೋಸ್ಕರ ಎಂಟು ಹತ್ತು ಸಾವಿರದ ಕೆಲ್ಸ ಬಿಟ್ರೆ ಎರಡು ವರ್ಷ ಆದ್ಮೇಲೆ ಎರಡೂ ಇರಲ್ಲ.

ಮೇಳದ ಬಗ್ಗೆ ನಿನ್ನ ಬೇಜಾರು ನಂಗರ್ಥ ಆಗುತ್ತೆ. ಬ್ಯಾನರಲ್ಲಿ ಕಂಪನಿ ಹೆಸರು ದೊಡ್ಡದಾಗಿರುತ್ತೆ, ಕೆಲ್ಸ ಎಲ್ಲಿ ಅನ್ನೋದು ಇರಲ್ಲ. ಮುಂದಿನ ಸಲ ಬಯೋಡಾಟಾ ಕೊಡೋಕೆ ಮುಂಚೆ ಯಾವ ಊರಲ್ಲಿ ಕೆಲ್ಸ, ಕೈಗೆ ಬರೋ ಸಂಬಳ ಎಷ್ಟು, ಕಂಪನಿ ಪೇರೋಲಾ ಏಜೆನ್ಸಿನಾ ಅಂತ ಮೂರು ಕೇಳು. ಉತ್ತರ ಕೊಡದ ಟೇಬಲಲ್ಲಿ ಕೂರ್ಬೇಡ. ಊರಲ್ಲೇ ಇರ್ಬೇಕು ಅಂದ್ರೆ ಸ್ವಂತ ಉದ್ಯೋಗ ಮಾಡೋರಿಗೆ ಬ್ಯಾಂಕಿನೋರು ನಡ್ಸೋ ಆರ್‌ಸೆಟಿ ತರಬೇತಿ ನೋಡು, ಊಟ ವಸತಿ ಸಮೇತ ಫ್ರೀ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟಿ ಅಂತ ಶುರುವಾಗಿದ್ದನ್ನ ನೋಡಿ ದೇಶದ ತುಂಬಾ ಮಾಡಿದ್ದು ಅದು. ಅಲ್ಲಿ ಕಲ್ತು ಸ್ವಂತಕ್ಕೆ ಸಾಲ ತಗೊಂಡು ಅಂಗಡಿನೋ ರಿಪೇರಿನೋ ಇಟ್ಕೊಂಡೋರನ್ನ ನಾನು ನೋಡಿದೀನಿ, ಎಲ್ಲರದ್ದೂ ನಿಂತಿಲ್ಲ, ನಿಂತೋರೂ ಇದಾರೆ.

ಪ್ರಶ್ನೆ: ಸರ್ಕಾರಿ ಉದ್ಯೋಗ ಕೇಂದ್ರದಿಂದ ಅಂತ ಫೋನ್ ಮಾಡಿ ರಿಜಿಸ್ಟ್ರೇಶನ್ ಫೀಸ್ 4500 ಕಟ್ಟಿ ಅಂತಿದಾರೆ. ಕಟ್ಲಾ? — ಶಿಕಾರಿಪುರ

ಉತ್ತರ: ಒಂದು ರೂಪಾಯಿನೂ ಕಟ್ಬೇಡಿ. ಸರ್ಕಾರಿ ಕೇಂದ್ರದಲ್ಲಿ ನೋಂದಣಿಗೆ ಫೀಸೇ ಇಲ್ಲ. ಆಗ್ಲೇ ಕಟ್ಟಿದ್ರೆ ಈ ಪೇಪರ್ ಕೆಳಗಿಟ್ಟು ಈಗಲೇ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ನಂಬರ್, ಬೇಗ ಮಾಡಿದಷ್ಟೂ ದುಡ್ಡು ತಡೆ ಹಿಡಿಯೋ ಸಾಧ್ಯತೆ ಜಾಸ್ತಿ.

ಪ್ರಶ್ನೆ: ಅಮ್ಮಾ, ನನ್ನ ಮಗ ಇಂಜಿನಿಯರಿಂಗ್ ಮುಗ್ಸಿ ಎರಡು ವರ್ಷ ಮನೇಲಿದಾನೆ. ಮೊದ್ಲು ಎಲ್ಲಾ ಕಡೆ ಹೋಗ್ತಿದ್ದ, ಈಗ ರೂಮಿಂದ ಆಚೆ ಬರಲ್ಲ, ಮದ್ವೆ ಮನೆಗೆ ಕರೆದ್ರೂ ಬರಲ್ಲ, ನಾವೆಲ್ಲ ಊಟ ಮಾಡಿ ಮಲಗಿದ್ಮೇಲೆ ಬಂದು ತಟ್ಟೆ ಹಾಕ್ಕೋತಾನೆ. ಅವನ ಬದಲು ನಾನೇ ಆ ಕೇಂದ್ರಕ್ಕೆ ಹೋಗಿ ಹೆಸರು ಬರೆಸ್ಬಹುದಾ? — ಸೊರಬ ತಾಲೂಕಿನ ಒಬ್ಬ ತಾಯಿ

ಉತ್ತರ: ಹೆಸರು ಅವನೇ ಬರೆಸ್ಬೇಕು ತಾಯಿ, ಆಧಾರ್, ಒಟಿಪಿ ಎಲ್ಲ ಅವನದ್ದೇ ಬೇಕು. ಆದ್ರೆ ನೀವು ಹೋಗಿ ಕೇಳ್ಬಹುದು. ನನ್ನ ಸರ್ವೀಸಲ್ಲಿ ಎಷ್ಟೋ ತಾಯಂದ್ರು ಸೆರಗಲ್ಲಿ ಮಗನ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಕಟ್ಕೊಂಡು ಬಂದಿದಾರೆ, ನಾನು ಕೂರ್ಸಿ ಮಾತಾಡ್ಸಿದೀನಿ. ಇಂಜಿನಿಯರಿಂಗ್ ಆದೋರಿಗೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಇರುತ್ತೆ, ತಿಂಗಳಿಗೆ ಸ್ಟೈಪೆಂಡ್ ಕೊಡ್ತಾರೆ, ಅದರ ವಿವರ ಒಂದು ಚೀಟೀಲಿ ಬರೆಸ್ಕೊಂಡು ಬನ್ನಿ.

ಆದ್ರೆ ನೀವು ಬರ್ದಿದ್ರಲ್ಲಿ ನಂಗೆ ಕೆಲಸಕ್ಕಿಂತ ಆ ರಾತ್ರಿ ಊಟದ ಮಾತೇ ಜಾಸ್ತಿ ಕಾಡ್ತಿದೆ. ನಮ್ಮ ಕಡೆ ಮನೆಗೆ ಬಂದೋರೆಲ್ಲ ಕಾಫಿ ಲೋಟ ಕೆಳಗಿಡೋಕೆ ಮುಂಚೆ ಮಗ ಎಂತ ಮಾಡ್ತಿದಾನೆ ಅಂತಾರೆ, ತೋಟ ಇದ್ಯಲ್ಲ ಬಿಡಿ ಅಂತಾರೆ, ಅವ್ರು ಒಳ್ಳೇದಕ್ಕೇ ಅಂತಾರೆ, ಆದ್ರೆ ಬಾಗಿಲ ಹಿಂದಿರೋನಿಗೆ ಅದು ಹೇಗೆ ಕೇಳ್ಸುತ್ತೆ ಯೋಚ್ನೆ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ಮೊದಲು ನೀವೇ ಫೋನ್ ಮಾಡಿ ಅವನ ಬಗ್ಗೆ ಹೇಳಿ ಹೇಗೆ ಮುಂದುವರೀಬೇಕು ಅಂತ ಕೇಳಿ. ತಾನು ಬದುಕಿರ್ಬಾರ್ದು ಅನ್ನೋ ಥರದ ಮಾತು ಒಂದು ಸಲ ಬಂದಿದ್ರೂ ಇವತ್ತೇ ಮಾಡಿ, ನಾಳೆ ಅನ್ಬೇಡಿ.

ಮತ್ತೆ ಇವತ್ತು ರಾತ್ರಿ ಅವನು ಬರೋವರೆಗೂ ನೀವು ಊಟ ಮಾಡ್ದೆ ಕೂತಿರಿ. ಕೆಲಸದ ಸುದ್ದಿ ತೆಗೀಬೇಡಿ. ಎರಡು ತಟ್ಟೆ ಹಾಕಿ, ಅವನಿಗೆ ಇಷ್ಟದ್ದು ಏನಾದ್ರೂ ಮಾಡಿಟ್ಟು, ಬಾ ಪುಟ್ಟಾ ಅಂತ ಅಷ್ಟೇ ಅನ್ನಿ. ಮುಂದಿನ ತಿಂಗಳು ನಂಗೊಂದು ಸಾಲು ಬರೀರಿ, ಕಾಯ್ತಿರ್ತೀನಿ.