ಮೊಟ್ಟೆ ತೆಗೆದ ಕೈಗೇ ಕಾವಲು

ಪ್ರಶ್ನೆ: ದ್ವೀಪಗಳಲ್ಲಿ ಕಡಲಾಮೆ ಕಾಯೋಕೆ ಊರಿನವರನ್ನೇ ನೇಮಿಸುತ್ತಾರಂತೆ. ಇಷ್ಟು ದಿನ ಮೊಟ್ಟೆ ತಿಂದವರೂ ಅವರೇ ಅಲ್ವಾ? ಸರ್ಕಾರ ಗಾರ್ಡ್ ಹಾಕಿದರೆ ಸಾಲದಾ?

ಉತ್ತರ: ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ದೇಶದಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. ಅಲ್ಲಿ ಇಸಬೆಲ್ ಮತ್ತು ಶೋಯಿಸಲ್ ಎಂಬ ದೊಡ್ಡ ದ್ವೀಪಗಳ ಮಧ್ಯೆ ಆರ್ನಾವನ್ ಅಂತ ಪುಟ್ಟ ದ್ವೀಪಗಳಿವೆ. ಹಾಕ್ಸ್‌ಬಿಲ್ ಆಮೆಗಳು ಮೊಟ್ಟೆ ಇಡೋ ಜಾಗ. ಇದರ ಚಿಪ್ಪಿನಿಂದಲೇ ಬಾಚಣಿಗೆ, ಕನ್ನಡಕದ ಫ್ರೇಮು ಮಾಡುತ್ತಿದ್ದದ್ದು. ಸರ್ಕಾರ ಆಮೆಧಾಮ ಅಂತ ಘೋಷಿಸಿತು, ಆದರೆ ಜಾಗ ಯಾರದ್ದು ಅನ್ನೋ ಜಗಳ ತೀರಿರಲಿಲ್ಲ, 1980ರ ದಶಕದ ಆರಂಭದಲ್ಲಿ ಅಲ್ಲಿನ ಕಟ್ಟಡಕ್ಕೇ ಬೆಂಕಿ ಬಿತ್ತು. ಮತ್ತೆ ಜೀವ ಬಂದಿದ್ದು 1995ರಲ್ಲಿ, ಕಿಯಾ, ಕಟುಪಿಕಾ, ವಾಘೇನಾ ಎಂಬ ಮೂರು ಕಡೆಯ ಜನ ಒಟ್ಟಿಗೆ ಕೂತು ಒಪ್ಪಿದ ಮೇಲೆ. ಕಾವಲುಗಾರರನ್ನೂ ಮೂರು ಕಡೆಯಿಂದಲೇ ತೆಗೆದುಕೊಂಡರು. ಮುಂದಿನ ಎರಡು ದಶಕದೊಳಗೆ ಗೂಡುಗಳು ಸುಮಾರು ಎರಡರಷ್ಟಾದವು. ಕಳ್ಳಬೇಟೆ ಪೂರ್ತಿ ನಿಂತಿಲ್ಲ, ಅದನ್ನೂ ಹೇಳಬೇಕು.

ಇನ್ನು ಮೊಟ್ಟೆ ತಿಂದವರೇ ಅಲ್ವಾ ಅಂದಿರಿ. ಹೌದು, ಅದಕ್ಕೇ ಅವರು ಬೇಕು. ಆಮೆ ಮೊಟ್ಟೆ ಇಟ್ಟು ಸುಮ್ನೆ ಹೋಗಲ್ಲ. ಹಿಂಗಾಲಿಂದ ಗುಂಡಿ ಮುಚ್ಚಿ, ಆಮೇಲೆ ಮುಂಗಾಲಿಂದ ಸುತ್ತೆಲ್ಲ ಮರಳು ಎರಚಿ, ಗೂಡು ಎಲ್ಲಿದೆ ಅಂತ ಗೊತ್ತೇ ಆಗದ ಹಾಗೆ ಮಾಡಿ ಹೋಗುತ್ತದೆ. ಹೊಸಬರು ಅಗೆದರೆ ಬರೀ ಮರಳು. ಹಳಬರು ಒಂದು ಸಣ್ಣ ಕೋಲು ಹಿಡಿದು ಮೆಲ್ಲಗೆ ಚುಚ್ಚುತ್ತಾ ಬರುತ್ತಾರೆ, ಕೋಲು ಸಡಿಲವಾಗಿ ಇಳಿದ ಕಡೆ ಕೈ ಹಾಕುತ್ತಾರೆ. ಈ ವಿದ್ಯೆ ಯಾವ ತರಬೇತಿಯಲ್ಲೂ ಅಷ್ಟು ಬೇಗ ಬರಲ್ಲ. ಒಂದೇ ಮಾತು, ಸಂಬಳ ತಿಂಗಳು ತಿಂಗಳು ಬರಬೇಕು. ಆಮೆ ಮೇಲಿನ ಪ್ರೀತಿಯಿಂದ ಮನೆಯವರ ಹೊಟ್ಟೆ ತುಂಬುತ್ತಾ?

ಪ್ರಶ್ನೆ: ಅಲೆ ಬಡಿಯೋ ಜಾಗದಲ್ಲಿ ಮೊಟ್ಟೆ ಇಟ್ಟಿದ್ದರೆ ಎತ್ತಿ ಬೇರೆ ಕಡೆ ಇಡಬಹುದಾ? ಮರಿಗಳನ್ನು ಸ್ವಲ್ಪ ದಿನ ತೊಟ್ಟಿಯಲ್ಲಿ ಸಾಕಿ ಬಿಟ್ಟರೆ ಒಳ್ಳೆಯದಲ್ವಾ?

ಉತ್ತರ: ಎತ್ತಬಹುದು, ಗೊತ್ತಿದ್ದವರು ಮಾತ್ರ. ಇಟ್ಟ ಒಂದೆರಡು ಗಂಟೆಯೊಳಗೆ ಆಗಬೇಕು. ಆಮೇಲೆ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಮೊಟ್ಟೆ ಮಗುಚಿದರೆ ಸತ್ತೇ ಹೋಗುತ್ತದೆ. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ. ಒಂದೊಂದನ್ನೂ ಇದ್ದ ಹಾಗೇ, ಮೇಲಿನ ಭಾಗ ಮೇಲೇ ಇರೋ ಹಾಗೆ ಎತ್ತಿ, ಮೊದಲಿನಷ್ಟೇ ಆಳದ ಗುಂಡಿಯಲ್ಲಿ ಇಡಬೇಕು. ನೋಡೋಕೆ ಬೇಜಾರು ಹಿಡಿಸೋ ಕೆಲಸ.

ತೊಟ್ಟಿ ಬೇಡ. ಹೊರಬಂದ ಮರಿಗೆ ಮೊದಲ ದಿನ ನಿಲ್ಲದೆ ಈಜೋ ಹುರುಪು ಇರುತ್ತದೆ, ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯೇ ಅದಕ್ಕೆ ಬುತ್ತಿ. ತೊಟ್ಟಿಯ ಗೋಡೆಗೆ ಡಿಕ್ಕಿ ಹೊಡೆಯುತ್ತಾ ಅದನ್ನೆಲ್ಲ ಖರ್ಚು ಮಾಡಿದರೆ ಸಮುದ್ರಕ್ಕೆ ಇಳಿಯುವಾಗ ಏನು ಉಳಿಯುತ್ತದೆ? ಪ್ರವಾಸಿಗರ ಫೋಟೋಗೋಸ್ಕರ ಮಟಮಟ ಮಧ್ಯಾಹ್ನ ಮರಿ ಬಿಡೋದು ಕಂಡರಂತೂ ನನಗೆ ಸಿಟ್ಟೇ ಬರುತ್ತದೆ. ಹಕ್ಕಿಗಳಿಗೆ ಬಡಿಸಿದ ಹಾಗೆ.

ಪ್ರಶ್ನೆ: ಈಗ ಹುಟ್ಟೋ ಆಮೆಗಳೆಲ್ಲ ಹೆಣ್ಣಂತೆ, ನಿಜಾನಾ?

ಉತ್ತರ: ಎಲ್ಲ ಕಡೆ ಅಲ್ಲ. ಗೂಡಿನ ಬಿಸಿ 29 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಗಂಡು ಹೆಣ್ಣು ಎರಡೂ, ಅದಕ್ಕಿಂತ ಜಾಸ್ತಿ ಆದರೆ ಹೆಣ್ಣೇ ಹೆಚ್ಚು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಹಸಿರು ಆಮೆಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನದಲ್ಲಿ, ಎಳೆಯ ಆಮೆಗಳಲ್ಲಿ ಶೇ. 99ಕ್ಕೂ ಹೆಚ್ಚು ಹೆಣ್ಣು ಕಂಡವು. ಗೂಡಿನ ಮೇಲೆ ನೆರಳು ಕಟ್ಟಿದರೆ ಮರಳು ತಂಪಾಗುತ್ತದೆ, ತೆಂಗಿನ ಗರಿ ಆದರೂ ಸಾಕು.

ಪ್ರಶ್ನೆ: ಮೊಟ್ಟೆ ಇಡೋದು ನೋಡೋಕೆ ಹೋದರೆ ಟಾರ್ಚ್ ಹಾಕಬಹುದಾ?

ಉತ್ತರ: ಬಿಳಿ ಬೆಳಕು ಬೇಡವೇ ಬೇಡ, ಆಮೆ ಬೆದರಿ ಮೊಟ್ಟೆ ಇಡದೆ ವಾಪಸ್ ಹೋಗಬಹುದು. ಮೊಟ್ಟೆ ಬೀಳೋಕೆ ಶುರುವಾದ ಮೇಲೆ, ಹಿಂದಿನಿಂದ, ಮಂದ ಕೆಂಪು ಬೆಳಕಲ್ಲಿ ನೋಡಿ. ಅದೂ ಕಾವಲಿನವರು ಕರೆದಾಗ.